ಬನದಲ್ಲಿ ಬಿದ್ದ ಮರ: ಮಾರುವುದಾ, ಹಾಗೇ ಬಿಡುವುದಾ?

ಪೆರ್ಲದ ತೋಟದವ
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ಬೇಸರ ಮಾಡಬೇಡಿ.

ನಮ್ಮದು ಕಾಸರಗೋಡಿನ ಪೆರ್ಲದಿಂದ ಒಳಗೆ. ಅಡಿಕೆ ತೋಟ, ಅದರ ಮೇಲೆ ಒಂದೂವರೆ ಎಕ್ರೆ ಗುಡ್ಡೆ. ಗುಡ್ಡೆ ಮತ್ತು ತೋಟದ ನಡುವೆ ಕುಟುಂಬದ ನಾಗಬನ, ಹದಿನೈದು ಸೆಂಟ್ಸ್ ಇರಬಹುದು. ಈ ಸಲ ಜೂನ್ ಗಾಳಿಗೆ ಬನದ ಕಾಟು ಮಾವು ಬುಡಸಮೇತ ಬಿತ್ತು. ಅಜ್ಜನ ಕಾಲಕ್ಕೇ ಅದು ದೊಡ್ಡ ಮರ. ಇಬ್ಬರು ಕೈ ಹಿಡಿದು ನಿಂತರೂ ಸುತ್ತು ಮುಟ್ಟುತ್ತಿರಲಿಲ್ಲ. ಅದರ ಪಕ್ಕ ಒಂದು ಧೂಪದ ಮರ ಮೂರು ವರ್ಷದಿಂದ ಒಣಗಿ ನಿಂತಿದೆ. ತೊಗಟೆ ಎಲ್ಲ ಉದುರಿದೆ.

ಮರದ ವ್ಯಾಪಾರಿ ಬಂದು ಎರಡಕ್ಕೂ ಸೇರಿ ಹದಿನೆಂಟು ಸಾವಿರ ಹೇಳಿ ಹೋದ. ಮಂಗಳೂರಿನಲ್ಲಿರುವ ಅಣ್ಣನಿಗೆ ಖುಷಿ. ಬರುವ ವರ್ಷ ನಾಗನಿಗೆ ಆಶ್ಲೇಷಬಲಿ ಪೂಜೆ ಇದೆ, ಅದರೊಳಗೆ ಬನ ಕ್ಲೀನ್ ಮಾಡಿ ಸುತ್ತ ಇಂಟರ್‌ಲಾಕ್ ಹಾಕಿಸುವ ಅಂತ ಅವನ ಲೆಕ್ಕ. ನನಗೇಕೋ ಮನಸ್ಸು ಒಪ್ಪುತ್ತಿಲ್ಲ. ಸತ್ತ ಮರವನ್ನು ಕಾಡಿನಲ್ಲೇ ಬಿಡಬೇಕು, ಅದರಿಂದ ಕಾಡು ಚೇತರಿಸಿಕೊಳ್ಳುತ್ತದೆ ಅಂತ ಮೊಬೈಲಿನಲ್ಲಿ ಒಂದು ವಿಡಿಯೊ ನೋಡಿದ್ದೆ. ಗಿಡ ನೆಡಿ ಅಂತ ಹೇಳುವವರು ಬೇಕಾದಷ್ಟು ಜನ ಇದ್ದಾರೆ. ಸತ್ತದ್ದನ್ನು ಇಟ್ಟುಕೊಳ್ಳಿ ಅಂತ ಹೇಳಿದ್ದು ಅದೊಂದೇ. ಇದು ನಿಜವಾ? ನಮ್ಮ ಕಡೆಗೂ ಆಗುತ್ತದಾ, ಫಾರಿನ್ ಕಾಡಿಗೆ ಮಾತ್ರವಾ?

ಗಡಿನಾಡ ರೈ
ಹದಿನೆಂಟು ಸಾವಿರ ಸಿಗುತ್ತದೆ ಅಂದರೆ ಕಣ್ಣು ಮುಚ್ಚಿ ಕೊಡಿ ಮಾರಾಯ್ರೆ. ಇನ್ನೆರಡು ಮಳೆಗೆ ಕೊಳೆತು ಕುಂಬಾದರೆ ಚಹಾದ ದುಡ್ಡೂ ಹುಟ್ಟುವುದಿಲ್ಲ.

ಸಾಮಿಲ್ ಹತ್ತಿರದವ
ಮೂರು ವರ್ಷ ಒಣಗಿ ನಿಂತ ಧೂಪಕ್ಕೆ ಕಟ್ಟಿಗೆ ರೇಟು ಮಾತ್ರ. ಆತ ಹೇಳಿದ್ದು ಪೂರ್ತಿ ಮಾವಿನ ಬೆಲೆ. ಅದಕ್ಕೂ ಸರಿಯಾಗಿ ಅಳತೆ ಹಾಕಿಸಿ. ಸೆಂಟ್ರಿಂಗ್ ಹಲಗೆಗೆ ಹೋಗುತ್ತದೆ.

ಮುಳ್ಳೇರಿಯ ಮಾಷ್ಟ್ರು
ತೋಟದವರೇ, ನಿಮ್ಮ ಮನಸ್ಸು ಒಪ್ಪದೇ ಇದ್ದದ್ದು ಒಳ್ಳೆಯದೇ ಆಯಿತು. ಇದು ಫಾರಿನ್ ಕಾಡಿನ ವಿಷಯ ಮಾತ್ರ ಅಲ್ಲ.

ಸತ್ತ ಮರ ಅಂತ ನಾವು ಕರೆಯುತ್ತೇವೆ. ಆದರೆ ನಿಂತ ಹಸಿ ಮರಕ್ಕಿಂತ ಅದರೊಳಗೇ ಜೀವಿಗಳು ಜಾಸ್ತಿ. ನಂಬಿಕೆ ಇಲ್ಲದಿದ್ದರೆ ಮಳೆ ಬಿಟ್ಟ ಒಂದು ಬೆಳಿಗ್ಗೆ ಹೋಗಿ ಆ ಮಾವಿನ ತೊಗಟೆಯನ್ನು ಒಂದು ಅಂಗೈಯಷ್ಟು ಎಬ್ಬಿಸಿ ನೋಡಿ. ಕತ್ತಿಯ ತುದಿಯಿಂದ, ಕೈ ಹಾಕಬೇಡಿ, ಚೇಳು ಇರಬಹುದು. ಮೊದಲು ಕಾಣುವುದು ಬಿಳಿ ನೂಲಿನ ಬಲೆ, ಅದು ಶಿಲೀಂಧ್ರ. ಅಣಬೆ ಅಂತ ಹೊರಗೆ ಕಾಣುವುದು ಅದರ ಹೂವು ಇದ್ದ ಹಾಗೆ, ಗಿಡ ಒಳಗೇ ಇರುತ್ತದೆ. ಆಮೇಲೆ ಚೇರಟೆ, ಬಸವನ ಹುಳ, ಇರುವೆ, ದುಂಬಿಯ ದಪ್ಪ ಬಿಳಿ ಮರಿಗಳು. ಸ್ವಲ್ಪ ಹಳೆಯ ಮರವಾದರೆ ಹಲ್ಲಿಯ ಮೊಟ್ಟೆ. ಇವನ್ನೆಲ್ಲ ತಿನ್ನಲಿಕ್ಕೆ ಮರಕುಟಿಗ, ಓತಿ, ಹಾವು, ಕಬ್ಬೆಕ್ಕು. ಒಂದು ಮರ ಸತ್ತರೆ ಒಂದು ಪೇಟೆಯೇ ಶುರುವಾಗುತ್ತದೆ.

ಮರ ಬೆಳೆಯುವಾಗ ಮಣ್ಣಿನಿಂದ ಎತ್ತಿಕೊಂಡದ್ದನ್ನು ಸತ್ತ ಮೇಲೆ ನಿಧಾನಕ್ಕೆ ವಾಪಸ್ ಕೊಡುತ್ತದೆ. ಲಾರಿಯಲ್ಲಿ ಹೋದರೆ ಅದು ನಿಮ್ಮ ಗುಡ್ಡೆಯಿಂದ ಹೋದ ಗೊಬ್ಬರವೇ. ಅದೂ ನಮ್ಮದು ಮುರಕಲ್ಲಿನ ಗುಡ್ಡೆ, ಮೇಲೆ ಅರ್ಧ ಅಡಿ ಮಣ್ಣಿದ್ದರೆ ಪುಣ್ಯ. ವರ್ಷಕ್ಕೆ 3,500 ಮಿಲಿಮೀಟರಿನ ಹತ್ತಿರ ಮಳೆ ಸುರಿದು ಆ ಮಣ್ಣನ್ನೂ ತೊಳೆದುಕೊಂಡು ಹೋಗುತ್ತದೆ. ಇಳಿಜಾರಿಗೆ ಅಡ್ಡ ಬಿದ್ದ ದಿಮ್ಮಿಯ ಮೇಲ್ಬದಿ ನೋಡಿ. ತರಗೆಲೆ, ಮಣ್ಣು, ಬೀಜ ಎಲ್ಲ ಅಲ್ಲೇ ತಂಗಿರುತ್ತದೆ. ಮೊದಲು ಸಸಿ ಏಳುವುದೂ ಅಲ್ಲಿಯೇ.

ಅಡಿಕೆ ಭಾವ
ಮಾಷ್ಟ್ರೇ, ಕೇಳಲಿಕ್ಕೆ ಚೆಂದ. ತೋಟ ಮಾಡುವವನ ಕಷ್ಟ ಬೇರೆ.

ತೆಂಗಿನ ಮರ ಬಿದ್ದು ಕುಂಬಾದರೆ ಅದರೊಳಗೆ ಕುರುವಾಯಿ, ಅಂದರೆ ಕೊಂಬಿನ ದುಂಬಿ, ಮೊಟ್ಟೆ ಇಡುತ್ತದೆ. ಆಮೇಲೆ ಅದೇ ಕುರುವಾಯಿ ಪಕ್ಕದ ತೆಂಗಿನ ಸುಳಿ ಕೊರೆಯುತ್ತದೆ. ಸುಳಿ ಬಿಚ್ಚಿದಾಗ ಕತ್ತರಿಯಲ್ಲಿ ಕತ್ತರಿಸಿದ ಹಾಗೆ ಗರಿ ಕಾಣುವುದಿಲ್ಲವಾ, ಅದೇ. ಅಡಿಕೆಗೆ ಅಣಬೆ ರೋಗ ಬಂದು ಸತ್ತರೆ ಕುತ್ತಿಯನ್ನು ಬೇರು ಸಮೇತ ಕಿತ್ತು ಸುಡಬೇಕು, ಇಲ್ಲದಿದ್ದರೆ ಸಾಲು ಸಾಲೇ ಹೋಗುತ್ತದೆ. ಗೇರಿನ ಕಾಂಡ ಕೊರೆಯುವ ಹುಳದ್ದೂ ಅದೇ ಕತೆ. ಸತ್ತ ಗೇರು ಮರವನ್ನು ಗುಡ್ಡೆಯಲ್ಲೇ ಬಿಟ್ಟವರ ಪಕ್ಕದ ಜಾಗದವರನ್ನು ಕೇಳಿ ನೋಡಿ.

2014ರಲ್ಲಿ ನಾನು ಎಂಟು ತೆಂಗಿನ ಬೊಡ್ಡೆ ತೋಟದ ಬದಿಗೆ ಹಾಕಿಟ್ಟೆ, ಕಟ್ಟಿಗೆಗೆ ಆದೀತು ಅಂತ. ಉದಾಸೀನದಲ್ಲಿ ಅಲ್ಲೇ ಉಳಿಯಿತು. ಎರಡು ವರ್ಷ ಬಿಟ್ಟು ಒಡೆದಾಗ ಒಂದೊಂದರಲ್ಲಿ ಮುಷ್ಟಿ ಮುಷ್ಟಿ ಹುಳ. ಆ ವರ್ಷ ನೆಟ್ಟ ತೆಂಗಿನ ಸಸಿಗಳಲ್ಲಿ ಹನ್ನೊಂದು ಹೋದವು. ತಪ್ಪು ನನ್ನದೇ, ಬೇರೆಯವರನ್ನು ದೂರುವುದಿಲ್ಲ.

ಗಡಿನಾಡ ರೈ
ಅದೇ ನಾನು ಹೇಳಿದ್ದು. ಕೊಡಿ, ಮುಗಿಯಿತು.

ಮುಳ್ಳೇರಿಯ ಮಾಷ್ಟ್ರು
ಭಾವ, ನೀವು ಹೇಳಿದ ಮೂರೂ ನೂರಕ್ಕೆ ನೂರು ಸರಿ. ತೋಟದೊಳಗೆ ತೆಂಗಿನ ಬೊಡ್ಡೆ ಇಡಲೇಬಾರದು. ಗೊಬ್ಬರದ ಗುಂಡಿಯಲ್ಲಿ ಕುರುವಾಯಿ ಮರಿ ಇದ್ದರೆ ಮೆಟಾರೈಜಿಯಂ ಎಂಬ ಹಸಿರು ಶಿಲೀಂಧ್ರ ಹಾಕುತ್ತಾರೆ. ನಮ್ಮ ಸಿಪಿಸಿಆರ್‌ಐ, ಅಂದರೆ ಕೇಂದ್ರ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯವರು ಹೇಳಿಕೊಡುವುದೂ ಅದನ್ನೇ. 1916ರಿಂದ ಕಾಸರಗೋಡಿನಲ್ಲೇ ತೆಂಗಿನ ಸಂಶೋಧನೆ ನಡೆಯುತ್ತಿದೆ, ಅವರಿಗಿಂತ ನಾನು ದೊಡ್ಡವನಲ್ಲ.

ಆದರೆ ಬನದ ಮಾವಿನ ದಿಮ್ಮಿಯನ್ನು ತೆಂಗಿನ ಬೊಡ್ಡೆಗೆ ಹೋಲಿಸಬೇಡಿ. ಎಲ್ಲ ಹುಳವೂ ಕುರುವಾಯಿ ಅಲ್ಲ. ಸತ್ತ ಮರ ತಿನ್ನುವ ದುಂಬಿಗಳಲ್ಲಿ ಬಹಳಷ್ಟು ಹಸಿ ಮರದ ತಂಟೆಗೇ ಹೋಗುವುದಿಲ್ಲ, ಹೋದರೂ ಬದುಕುವುದಿಲ್ಲ. ತೋಟಕ್ಕೆ ಒಂದು ನಿಯಮ, ಬನಕ್ಕೆ ಇನ್ನೊಂದು. ಇಷ್ಟು ವರ್ಷ ನಾವು ತೋಟದ ನಿಯಮವನ್ನೇ ಕಾಡಿಗೂ ಹಾಕಿಕೊಂಡು ಬಂದಿದ್ದೇವೆ.

ಬೆಂಗಳೂರಲ್ಲಿರುವ ಕುಂಬಳೆಯವ
ಒಳ್ಳೆಯ ಚರ್ಚೆ. ಫಿನ್ಲೆಂಡಿನಲ್ಲಿ ಲೆಕ್ಕ ಹಾಕಿದ್ದಾರೆ. ಅಲ್ಲಿನ ಕಾಡಿನ ಜೀವಿಗಳಲ್ಲಿ 20ರಿಂದ 25% ಸತ್ತ ಮರವನ್ನೇ ನಂಬಿಕೊಂಡಿವೆ, ಅಂದರೆ ನಾಲ್ಕೈದು ಸಾವಿರ ಜಾತಿ. ಜರ್ಮನಿಯಲ್ಲಿ 1970ರಲ್ಲಿ ಮೊದಲ ರಾಷ್ಟ್ರೀಯ ಉದ್ಯಾನ ಮಾಡಿದರು, ಬವೇರಿಯನ್ ಫಾರೆಸ್ಟ್ ಅಂತ. 1983ರಲ್ಲಿ ಬಿರುಗಾಳಿಗೆ ಮರಗಳು ಮಲಗಿದವು. ತೆಗೆಯುವುದು ಬೇಡ ಅಂತ ಹಾಗೇ ಬಿಟ್ಟರು. ತೊಗಟೆ ದುಂಬಿ ಬಂದು ಸಾವಿರಾರು ಹೆಕ್ಟೇರ್ ಸ್ಪ್ರೂಸ್ ಮರ ಒಣಗಿತು, ಊರವರು ಬೈದರು. ಈಗ ಆ ಬೂದು ಕಂಬಗಳ ನಡುವೆಯೇ ಹೊಸ ಕಾಡು ಎದ್ದಿದೆ, ಯಾರೂ ನೆಟ್ಟದ್ದಲ್ಲ.

ಮತ್ತೆ ನಮ್ಮ ಮಂಗಟ್ಟೆ ಹಕ್ಕಿ ಗೂಡು ಮಾಡುವುದು ಸತ್ತ ಮರದಲ್ಲೇ. ಧೂಪ ಕಡಿದರೆ ಅದಕ್ಕೂ ಮನೆ ಇಲ್ಲ.

ಗಡಿನಾಡ ರೈ
ಫಿನ್ಲೆಂಡಿನ ಲೆಕ್ಕ ಪೆರ್ಲಕ್ಕೆ ಯಾಕೆ ಸ್ವಾಮಿ? ಅಲ್ಲಿ ಮರ ಫ್ರಿಜ್ಜಿನಲ್ಲಿ ಇಟ್ಟ ಹಾಗೆ ಐವತ್ತು ವರ್ಷ ಇರುತ್ತದೆ. ಇಲ್ಲಿ ಒರಲೆ (ಗೆದ್ದಲು) ನಾಲ್ಕು ಮಳೆಗಾಲದಲ್ಲಿ ಮುಗಿಸುತ್ತದೆ.

ಹಕ್ಕಿ ಹಿಂದೆ ಹೋದವ
ಕುಂಬಳೆಯವರೇ, ಸಣ್ಣ ತಿದ್ದುಪಡಿ. ಮಂಗಟ್ಟೆ ಜಾಸ್ತಿಯಾಗಿ ಗೂಡು ಮಾಡುವುದು ಜೀವ ಇರುವ ದೊಡ್ಡ ಮರದಲ್ಲಿ. ಎಲ್ಲೋ ಒಂದು ಗೆಲ್ಲು ಮುರಿದು, ನೀರು ಇಳಿದು, ತಿರುಳು ಕುಂಬಾಗಿ ಪೊಟ್ಟರೆ ಆದ ಮರ. ಹೆಣ್ಣು ಒಳಗೆ ಕೂತು ಬಾಗಿಲು ಮುಚ್ಚಿಕೊಳ್ಳುತ್ತದೆ, ಸೀಳಿನಷ್ಟು ಜಾಗ ಬಿಟ್ಟು. ಗಂಡು ಹೊರಗಿಂದ ಹಣ್ಣು ತಂದು ಕೊಡುತ್ತದೆ. ಅದಕ್ಕೆ ಆ ಪೊಟ್ಟರೆಯನ್ನು ತಾನೇ ಕೊರೆಯಲಿಕ್ಕೆ ಆಗುವುದಿಲ್ಲ. ಹಾಗಾಗಿ ಸತ್ತ ಮರ ಮಾತ್ರ ಅಲ್ಲ, ಅರ್ಧ ಸತ್ತ ಮರವೂ ಬೇಕು. "ಈ ಮರ ಹಾಳಾಗಿದೆ, ಒಳಗೆ ಟೊಳ್ಳು" ಅಂತ ಕಡಿಯುತ್ತಾರಲ್ಲ, ಅದೇ ಮರ.

ಒಣಗಿ ನಿಂತ ಧೂಪ ಬೇಕಾದದ್ದು ಬೇರೆಯವರಿಗೆ. ಕುಟ್ರು ಹಕ್ಕಿ ಗೊತ್ತಲ್ವಾ, ಬೇಸಿಗೆ ಪೂರ್ತಿ "ಕುಟ್ರೂ ಕುಟ್ರೂ" ಅಂತ ತಲೆ ತಿನ್ನುವುದು. ಅದರ ಕೊಕ್ಕಿಗೆ ಮರಕುಟಿಗದಷ್ಟು ಬಲ ಇಲ್ಲ. ಒಣಗಿ ಮೆತ್ತಗಾದ ಗೆಲ್ಲೇ ಬೇಕು. ಅದು ಬಿಟ್ಟುಹೋದ ತೂತಿಗೆ ಮೈನಾ, ಗಿಳಿ, ಮಡಿವಾಳ ಹಕ್ಕಿ, ಸಣ್ಣ ಗೂಬೆ ಬಾಡಿಗೆಗೆ ಬರುತ್ತವೆ. ಒಂದೇ ಮರದಲ್ಲಿ ಮೂರು ವರ್ಷಕ್ಕೆ ನಾಲ್ಕು ಸಂಸಾರ ನೋಡಿದ್ದೇನೆ.

ತೋಟದವರೇ, ಧೂಪದಲ್ಲಿ ತೂತು ಇದೆಯಾ? ಗೆಲ್ಲಿನ ಅಡಿಭಾಗ ನೋಡಿ, ಮಳೆ ನೀರು ಇಳಿಯದ ಹಾಗೆ ಕೆಳಮುಖವಾಗಿ ಕೊರೆದಿರುತ್ತವೆ.

ಬೆಂಗಳೂರಲ್ಲಿರುವ ಕುಂಬಳೆಯವ
ಮಂಗಟ್ಟೆ ವಿಷಯ ತಿದ್ದಿದ್ದಕ್ಕೆ ಥ್ಯಾಂಕ್ಸ್. ರೈಗಳೇ, ನಿಮ್ಮ ಮಾತಿನಲ್ಲೂ ಅರ್ಧ ಸತ್ಯ ಇದೆ. 2021ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಜಾಗತಿಕ ಅಧ್ಯಯನದ ಪ್ರಕಾರ ಸತ್ತ ಮರದಿಂದ ಹೊರಬರುವ ಇಂಗಾಲದಲ್ಲಿ 90%ಕ್ಕಿಂತ ಜಾಸ್ತಿ ಉಷ್ಣವಲಯದ ಕಾಡುಗಳದ್ದು. ಒಟ್ಟಿನಲ್ಲಿ ಸುಮಾರು 29% ಕೀಟಗಳ ಕೆಲಸ. ಅಂದರೆ ನಮ್ಮಲ್ಲಿ ಬೇಗ ಮುಗಿಯುತ್ತದೆ, ನಿಜ. ಬೇಗ ಮುಗಿಯುತ್ತದೆ ಅಂದರೆ ಹೊಸದು ಬೀಳುತ್ತಾ ಇರಬೇಕು ಅಂತಲೂ ಆಯಿತಲ್ವಾ? ಒಂದು ಸಲ ಗುಡಿಸಿ ತೆಗೆದರೆ ನಾಲ್ಕು ವರ್ಷದಲ್ಲಿ ಏನೂ ಉಳಿಯುವುದಿಲ್ಲ.

ಮಂಜೇಶ್ವರದ ಮಾಮಿ
ಎಲ್ಲ ಮರ ನಾಲ್ಕು ವರ್ಷದಲ್ಲಿ ಹೋಗುವುದಿಲ್ಲ. ನಮ್ಮ ಹಳೆ ದನದ ಕೊಟ್ಟಿಗೆಯ ಕಿರಾಲ್‌ಬೋಗಿ ಕಂಬ ಮೂರು ತಲೆಮಾರು ನೋಡಿದೆ. ಕಾಸರಕಕ್ಕೂ ಒರಲೆ ಸುಲಭದಲ್ಲಿ ಹತ್ತುವುದಿಲ್ಲ, ಅಷ್ಟು ಕಹಿ. 2023ರಲ್ಲಿ ಅದನ್ನು ಕಾಸರಗೋಡು ಜಿಲ್ಲೆಯ ಮರ ಅಂತ ಘೋಷಣೆ ಮಾಡಿದರಲ್ಲ, ಊರಿನ ಹೆಸರೇ ಅದರಿಂದ ಬಂದದ್ದು ಅಂತಾರೆ. ಮಾವು ಮಾತ್ರ ಹೌದು, ಬೇಗ ಕುಂಬಾಗುತ್ತದೆ.

ಅಡೂರಿನ ಅಕ್ಕ
ನಾನು ಬೇರೆ ಕಡೆಯಿಂದ ಹೇಳುತ್ತೇನೆ. ಯಾರೂ ಸಿಟ್ಟು ಮಾಡಬೇಡಿ.

ನಮ್ಮಮ್ಮ ದಿನಾ ಕಾಡಿಗೆ ಹೋಗಿ ಕಟ್ಟಿಗೆ ತಂದು ನಮ್ಮನ್ನು ಸಾಕಿದ್ದು. ತಲೆಗೆ ಸಿಂಬೆ ಇಟ್ಟು ಒಣ ಗೆಲ್ಲಿನ ಹೊರೆ. ಹಸಿ ಮರಕ್ಕೆ ಕತ್ತಿ ಹಾಕಿದ್ದು ನಾನು ನೋಡಲೇ ಇಲ್ಲ. ಒಣಗಿದ್ದನ್ನು ತಂದರೆ ಪಾಪ ಇಲ್ಲ ಅಂತ ಅವಳ ಲೆಕ್ಕ. ಈಗ ನೀವೆಲ್ಲ ಒಣಗಿದ್ದನ್ನೂ ಮುಟ್ಟಬೇಡಿ ಅಂದರೆ ಗ್ಯಾಸಿಗೆ ದುಡ್ಡಿಲ್ಲದವರು ಏನು ಮಾಡುವುದು? ಹದಿನೆಂಟು ಸಾವಿರ ಬಿಡುವ ಶಕ್ತಿ ಇದ್ದವರಿಗೆ ಈ ಮಾತು ಸುಲಭ.

ಮತ್ತೆ ಹಾವು. ನಮ್ಮ ಮನೆ ಹಿಂದೆ ಕಟ್ಟಿಗೆ ರಾಶಿಯಲ್ಲಿ ಮೂರು ಸಲ ಕೊಳಕು ಮಂಡಲ ಕಂಡಿದ್ದೇವೆ. ಮಕ್ಕಳಿರುವ ಮನೆ.

ಮುಳ್ಳೇರಿಯ ಮಾಷ್ಟ್ರು
ಅಕ್ಕಾ, ಸಿಟ್ಟು ಮಾಡುವ ಮಾತೇ ಇಲ್ಲ. ನಿಮ್ಮಮ್ಮ ತಂದದ್ದು ಬೆರಳು, ಮೊಣಕೈ ದಪ್ಪದ ಗೆಲ್ಲು. ಅದರಿಂದ ಕಾಡು ಬರಿದಾಗುವುದಿಲ್ಲ. ದೊಡ್ಡ ಬೊಡ್ಡೆ ತಲೆಹೊರೆಯಲ್ಲಿ ಬರುವುದೇ ಇಲ್ಲ, ಅದು ಲಾರಿಗೇ ಬೇಕು. ದಪ್ಪ ದಿಮ್ಮಿ ಒಳಗೆ ಬೇಸಿಗೆಯಲ್ಲೂ ತೇವ ಇಟ್ಟುಕೊಳ್ಳುತ್ತದೆ. ದೊಡ್ಡ ದುಂಬಿಗಳು ಮರಿಯಾಗಿ ವರ್ಷಗಟ್ಟಲೆ ಒಳಗೇ ಇರಬೇಕು, ಅವಕ್ಕೆ ಸಣ್ಣ ಗೆಲ್ಲು ಸಾಲುವುದಿಲ್ಲ. ಸಣ್ಣದು ಒಲೆಗೆ, ದೊಡ್ಡದು ಕಾಡಿಗೆ ಅಂತ ಇಟ್ಟುಕೊಂಡರೆ ಜಗಳವೇ ಇಲ್ಲ.

ಮನೆಯ ಹತ್ತಿರ ಕಟ್ಟಿಗೆ ರಾಶಿ ಇಟ್ಟರೆ ಇಲಿ ಬರುತ್ತದೆ, ಇಲಿ ಹಿಂದೆ ಮಂಡಲ ಬರುತ್ತದೆ. ಅದು ಸತ್ಯ. ನಾನು ಹೇಳುವುದು ಮನೆಯಿಂದ ದೂರದ ಬನದ ಮಾತು.

ಕೋರ್ಟು ಕಚೇರಿ
ಕಾನೂನು ಸ್ವಲ್ಪ ಹೇಳಲಾ? ಕಾಡು ಉಳಿಸುವ ಬಗ್ಗೆ ನಡೆದ ಗೋದಾವರ್ಮನ್ ಕೇಸಿನಲ್ಲಿ ಸುಪ್ರೀಂ ಕೋರ್ಟು 2000ದ ಫೆಬ್ರವರಿ 14ರಂದು ಒಂದು ಆದೇಶ ಕೊಟ್ಟಿದೆ. ರಾಷ್ಟ್ರೀಯ ಉದ್ಯಾನ ಮತ್ತು ಅಭಯಾರಣ್ಯಗಳಿಂದ ಸತ್ತ, ರೋಗ ಬಂದ, ಸಾಯುತ್ತಿರುವ, ಗಾಳಿಗೆ ಬಿದ್ದ ಮರಗಳನ್ನು, ನೀರಲ್ಲಿ ತೇಲಿ ಬಂದ ಮರವನ್ನು, ಹುಲ್ಲನ್ನು ಕೂಡ ತೆಗೆಯಬಾರದು ಅಂತ. ಅಂದರೆ ಇದು ಇವತ್ತಿನ ಫ್ಯಾಷನ್ ಅಲ್ಲ. ಸತ್ತ ಮರದ ನೆಪದಲ್ಲಿ ಹಸಿ ಮರಕ್ಕೂ ಗರಗಸ ಬೀಳುವುದು ಎಲ್ಲರಿಗೂ ಗೊತ್ತಿದ್ದದ್ದೇ.

ಅಕ್ಕನ ಮಾತಿಗೂ ಕಾನೂನಿನಲ್ಲಿ ಜಾಗ ಇದೆ. 2006ರ ಅರಣ್ಯ ಹಕ್ಕು ಕಾಯ್ದೆಯ ಕಿರು ಅರಣ್ಯ ಉತ್ಪನ್ನದ ಪಟ್ಟಿಯಲ್ಲಿ ಪೊದೆಗಡ್ಡಿ, ಕುತ್ತಿ ಎರಡೂ ಬರುತ್ತವೆ. ಆದರೆ ಅದು ಕಾಡಿನಲ್ಲೇ ಬಾಳುವ ಬುಡಕಟ್ಟಿನವರಿಗೆ, ತಲೆತಲಾಂತರದಿಂದ ಅಲ್ಲಿರುವವರಿಗೆ. ಕಾಡಿನ ಅಂಚಿಗೆ ಮನೆ ಇದ್ದ ಮಾತ್ರಕ್ಕೆ ಎಲ್ಲರಿಗೂ ಸಿಗುವುದಿಲ್ಲ. ತೋಟದವರ ಬನ ಖಾಸಗಿ ಜಾಗ, ಅದು ಬೇರೆ ಲೆಕ್ಕ.

ಬದಿಯಡ್ಕ ಬಸ್‌ಸ್ಟ್ಯಾಂಡ್
ಇದನ್ನೆಲ್ಲ ಕನ್ನಡದಲ್ಲಿ ಬರೆದು ಕಾಡಿನ ಬದಿಗೆ ಒಂದು ಬೋರ್ಡು ಹಾಕಿದ್ದರೆ ಯಾರಿಗಾದರೂ ಗೊತ್ತಾಗುತ್ತಿತ್ತು. ಕಳೆದ ವರ್ಷ ಗಾಳಿಗೆ ಬಿದ್ದ ಮರದ ವಿಷಯಕ್ಕೆ ಒಂದು ಕಚೇರಿಗೆ ಹೋದೆ. ಅರ್ಜಿ ಮಲಯಾಳದಲ್ಲಿ ಬರೆದು ತನ್ನಿ ಅಂದರು. ಕಾಸರಗೋಡು ಕೇರಳಕ್ಕೆ ಸೇರಿದ 1956ರಿಂದ ಇದೇ ಹಾಡು.

ಗಡಿನಾಡ ರೈ
ಶುರುವಾಯಿತು.

ಬದಿಯಡ್ಕ ಬಸ್‌ಸ್ಟ್ಯಾಂಡ್
ಶುರು ಆದದ್ದಲ್ಲ ರೈಗಳೇ, ಮುಗಿಯದೇ ಇದ್ದದ್ದು.

ಮಂಜೇಶ್ವರದ ಮಾಮಿ
ಭಾಷೆ ವಿಷಯಕ್ಕೆ ಬೇರೆ ಚರ್ಚೆ ಮಾಡಿಕೊಳ್ಳಿ ಮಕ್ಕಳೇ. ಮರದ ಕತೆ ಮುಂದೆ ಹೋಗಲಿ.

ಪಡ್ರೆ ಕಡೆಯವ
ಹುಳ ಕಂಡರೆ ಸಾಯಿಸಬೇಕು ಅನ್ನುವ ಬುದ್ಧಿ ನಮಗೆ ಎಲ್ಲಿಂದ ಬಂತು ಅಂತ ಯೋಚನೆ ಮಾಡಿದ್ದೀರಾ? ಗೇರಿನ ಹೂವಿಗೆ ಬರುವ, ಟೀ ಸೊಳ್ಳೆ ಅಂತ ಕರೆಯುವ ಒಂದು ತಿಗಣೆ ಜಾತಿಯ ಹುಳಕ್ಕೆ ಅಂತ 2000ದ ತನಕ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಕೀಟನಾಶಕ ಹೊಯ್ದ ಗುಡ್ಡೆಗಳು ನಮ್ಮವು. ನಾನು ಆಗ ಶಾಲೆಗೆ ಹೋಗುವ ಹುಡುಗ. ಹೆಲಿಕಾಪ್ಟರ್ ನೋಡಲಿಕ್ಕೆ ಅಂಗಳಕ್ಕೆ ಓಡುತ್ತಿದ್ದೆವು. ಮರುದಿನ ತೋಡಿನಲ್ಲಿ ಮೀನು ಮಗುಚಿ ಬೀಳುತ್ತಿತ್ತು. ಬೆಲೆ ಯಾರು ಕೊಟ್ಟರು ಅಂತ ಇಲ್ಲಿ ಯಾರಿಗೂ ಹೇಳಬೇಕಾಗಿಲ್ಲ. ನಮ್ಮ ಗುಡ್ಡೆಯಲ್ಲಿ ಒಂದು ಮರ ಒಣಗಿ ಅದರಲ್ಲಿ ಹುಳ ಬಿದ್ದರೆ ಈಗ ನನಗೆ ಖುಷಿ ಆಗುತ್ತದೆ. ಬದುಕುವ ಹಾಗೆ ಆಗಿದೆಯಲ್ಲ ಅಂತ.

ಮುಜಂಟಿ
ಜೇನಿನ ವಿಷಯ ಯಾರೂ ಎತ್ತಲಿಲ್ಲ, ಆಶ್ಚರ್ಯ. ತುಡುವೆ ಜೇನಿಗೂ ಮುಜಂಟಿ ಜೇನಿಗೂ ಪೊಟ್ಟರೆ ಬೇಕು. ಕಾಡಿನಲ್ಲಿ ಟೊಳ್ಳು ಮರ ಇಲ್ಲದಿದ್ದರೆ ಅವು ಹೋಗುವುದು ಎಲ್ಲಿಗೆ? ನಿಮ್ಮ ಮೀಟರ್ ಬಾಕ್ಸಿಗೆ, ಹಳೆ ಗೋಡೆಯ ಸಂದಿಗೆ. 1991-92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ರೋಗ ಬಂದು ತುಡುವೆ ಸಾಲು ಸಾಲು ಸತ್ತಾಗ ನಮ್ಮಲ್ಲಿ ಇಪ್ಪತ್ತೆರಡು ಪೆಟ್ಟಿಗೆ ಖಾಲಿಯಾಯಿತು. ಅಪ್ಪ ಮತ್ತೆ ಶುರು ಮಾಡಿದ್ದು ಬನದ ಒಂದು ಒಣ ತಾರೆ ಮರದ ಪೊಟ್ಟರೆಯಲ್ಲಿ ಬದುಕಿ ಉಳಿದ ಕುಟುಂಬದಿಂದ. ಆ ಮರ ಇವತ್ತಿಗೂ ಯಾರೂ ಕಡಿದಿಲ್ಲ. ಈಗ ಅದು ಮರ ಅಲ್ಲ, ಗೋಡೆ ಮಾತ್ರ ಉಳಿದ ಬಾವಿ ಇದ್ದ ಹಾಗೆ ಇದೆ.

ಕಪ್ಪು ದೊಡ್ಡ ದುಂಬಿ (ಮಾಷ್ಟ್ರು ಹೇಳಿದ್ದಲ್ಲ, ಇದು ಜೇನಿನ ಜಾತಿಯದ್ದು) ಒಣಗೆಲ್ಲು ಕೊರೆದು ಮೊಟ್ಟೆ ಇಡುವುದೂ ನೋಡಿರಬಹುದು. ಕೆಳಗೆ ಹಿಟ್ಟು ಉದುರಿರುತ್ತದೆ. ಅದೂ ಹೂವಿಂದ ಹೂವಿಗೆ ಪರಾಗ ಒಯ್ಯುವುದೇ.

ಅಡಿಕೆ ಭಾವ
ಅಡಿಕೆಗೆ ಗಾಳಿ ಸಾಕು, ದುಂಬಿ ಬೇಡ.

ಮುಜಂಟಿ
ಸೌತೆ, ಕುಂಬಳ, ಬದನೆ ತಿನ್ನುವುದಿಲ್ಲವಾ ಭಾವ?

ರಾಣಿಪುರಂ ಹತ್ತಿದವ
ಅಣಬೆ ಕಡೆಗೂ ಬನ್ನಿ. ನಮ್ಮ ಜಿಲ್ಲೆಯ ರಾಣಿಪುರಂ ಕಾಡಿನಲ್ಲಿ ರಾತ್ರಿ ಬೆಳಗುವ ಅಣಬೆ ಸಿಕ್ಕಿದ್ದು 2024ರಲ್ಲಿ ಪೇಪರಿನಲ್ಲಿ ಬಂದಿತ್ತು. ಅದು ಬೆಳೆಯುವುದು ಮಳೆಗಾಲದಲ್ಲಿ, ಕೊಳೆಯುವ ಮರದ ಮೇಲೆ. ಮರ ತೆಗೆದರೆ ಲೈಟೂ ಇಲ್ಲ.

ಇನ್ನೊಂದು. ಮೊದಲ ಮಳೆ ಗುಡುಗಿಗೆ ಹುತ್ತದ ಹತ್ತಿರ ಏಳುವ ಅಣಬೆಗೆ ಎಲ್ಲರೂ ಬುಟ್ಟಿ ಹಿಡಿದು ಓಡುತ್ತೀರಲ್ವಾ? ಅದನ್ನು ಬೆಳೆಸುವುದು ಒರಲೆ. ಒಣ ಮರ, ತರಗೆಲೆ ತಿಂದು ಹುತ್ತದೊಳಗೆ ಹಿಕ್ಕೆಯ ತೋಟ ಮಾಡಿ ಅದರ ಮೇಲೆ ಶಿಲೀಂಧ್ರ ಬೆಳೆಸಿ ತಾನು ತಿನ್ನುತ್ತದೆ. ಮಳೆ ಬಂದಾಗ ಅದು ಮೇಲೆ ಬಂದು ಅಣಬೆ ಆಗುತ್ತದೆ. ಹಾಗಾಗಿ ಒಣ ಮರ ಇಲ್ಲದ ಕಡೆ ಒರಲೆ ಕಡಿಮೆ, ಹುತ್ತ ಕಡಿಮೆ. ಹುತ್ತ ಇಲ್ಲದ ನಾಗಬನ ಎಂಥ ನಾಗಬನ?

ಗಡಿನಾಡ ರೈ
ಇದು ಒಳ್ಳೆ ಪಾಯಿಂಟ್. ಅಣಬೆ ವಿಷಯದಲ್ಲಿ ನನ್ನ ಓಟು ನಿಮಗೆ.

ಪದವಿನ ಮನೆ
ಬೆಂಕಿಯ ಬಗ್ಗೆ ಯಾರಾದರೂ ಹೇಳಿ. ನಮ್ಮದು ಪಾರೆಯ ಬದಿ. ಮಾರ್ಚಿನಲ್ಲಿ ಮುಳಿಹುಲ್ಲಿಗೆ ಯಾರೋ ಬೀಡಿ ಎಸೆದರೂ ಸಾಕು. ಒಣ ಮರ ಬಿದ್ದಿದ್ದರೆ ಇನ್ನೂ ಜಾಸ್ತಿ ಆಗುವುದಿಲ್ಲವಾ?

ಮುಳ್ಳೇರಿಯ ಮಾಷ್ಟ್ರು
ಬೆಂಕಿಯನ್ನು ಓಡಿಸುವುದು ಹುಲ್ಲು, ತರಗೆಲೆ, ಸಣ್ಣ ಕಡ್ಡಿ. ನೆರಳಿನಲ್ಲಿ ಬಿದ್ದು ತೇವ ಹಿಡಿದ ದೊಡ್ಡ ದಿಮ್ಮಿಗೆ ಅಷ್ಟು ಸುಲಭದಲ್ಲಿ ಹತ್ತುವುದಿಲ್ಲ. ಆದರೆ ಪಾರೆಯ ಬಿಸಿಲಿನಲ್ಲಿ ಕಾದ ಒಣ ಬೊಡ್ಡೆಗೆ ಒಮ್ಮೆ ಹತ್ತಿತೋ, ಎರಡು ದಿನ ಒಳಗೊಳಗೇ ಉರಿಯುತ್ತದೆ, ಆರಿಸುವುದು ಕಷ್ಟ. ನಿಮ್ಮ ಜಾಗದಲ್ಲಿ ಬೆಂಕಿಗೆರೆ ಮಾಡಿ, ಗೆರೆಯ ಹತ್ತಿರ ಬೊಡ್ಡೆ ಇಡಬೇಡಿ.

ಅಕೇಶಿಯಾ ವಿರೋಧಿ
ಗುಡ್ಡೆಯಲ್ಲಿ ಅಕೇಶಿಯಾ ಇದ್ದವರಿಗೆ ಒಂದು ಉಪಾಯ. ಒಮ್ಮೆಲೇ ಎಲ್ಲ ಕಡಿದರೆ ಬಿಸಿಲು ಬಿದ್ದು ಅದರದ್ದೇ ಬೀಜ ಮೊಳೆಯುತ್ತದೆ. ಅದರ ಬದಲು ಕೆಲವು ಮರದ ಬುಡಕ್ಕೆ ಸುತ್ತ ಒಂದು ಮೊಳ ಅಗಲಕ್ಕೆ ತೊಗಟೆ ಕೆತ್ತಿ ಬಿಡಿ. ನಿಂತಲ್ಲೇ ನಿಧಾನಕ್ಕೆ ಒಣಗುತ್ತದೆ, ಅಡಿಯಲ್ಲಿ ಊರಿನ ಗಿಡ ಏಳುತ್ತದೆ, ಮರಕುಟಿಗಕ್ಕೂ ಆಯಿತು. ಬುಡದಿಂದ ಚಿಗುರಿದರೆ ಮುರಿಯುತ್ತಾ ಇರಬೇಕು. ಇಂಥ ಹೊರಗಿನ ಮರ ತೆಗೆದು ಸಹಜ ಕಾಡು ಮಾಡಬೇಕು ಅಂತ 2021ರಲ್ಲಿ ಕೇರಳದಲ್ಲಿ ನೀತಿಯೇ ಆಗಿದೆ. ಸರಕಾರ ಮಾಡುವ ತನಕ ಕಾಯಬೇಕು ಅಂತ ಏನೂ ಇಲ್ಲ.

ಬನದ ಭಟ್ರು
ತಡವಾಗಿ ಓದಿದೆ. ನಾನು ಪೂಜೆ ಮಾಡುವವನು, ವಿಜ್ಞಾನ ಗೊತ್ತಿಲ್ಲ. ಒಂದು ಮಾತು ಗೊತ್ತು. ಬನದ ಒಣ ಕಡ್ಡಿಯನ್ನೂ ಮನೆಗೆ ತರಬಾರದು ಅಂತ ನಮ್ಮ ಅಜ್ಜಿ ಹೇಳುತ್ತಿದ್ದರು. ಬನದ ಒಳಗೆ ಕತ್ತಿ ಹಿಡಿದು ಹೋಗುವ ಕ್ರಮವೇ ಇರಲಿಲ್ಲ. ವರ್ಷಕ್ಕೊಮ್ಮೆ ದಾರಿ ಬಿಡಿಸುವುದು ಅಷ್ಟೆ, ಅದೂ ಪ್ರಾರ್ಥನೆ ಮಾಡಿ.

ಈಗ ಹೋದಲ್ಲೆಲ್ಲ ಕಟ್ಟೆ, ಟೈಲ್ಸ್, ಇಂಟರ್‌ಲಾಕ್, ಸ್ಟೀಲ್ ಬೇಲಿ. ಮಧ್ಯಾಹ್ನ ತಂಬಿಲ ಪೂಜೆಗೆ ಕೂತರೆ ಕಾಲು ಸುಡುತ್ತದೆ. ನಾಗನಿಗೆ ತನು (ಹಾಲು, ಎಳನೀರು) ಎರೆಯುವುದೇ ತಂಪಿಗೆ ಅಂತ. ಒಂದು ಕೈಯಲ್ಲಿ ಎಳನೀರು ಹೊಯ್ದು ಇನ್ನೊಂದು ಕೈಯಲ್ಲಿ ನೆರಳು ತೆಗೆದರೆ ಏನರ್ಥ? ತೋಟದವರೇ, ನಿಮ್ಮ ಅಣ್ಣನಿಗೆ ನಾನು ಬೇಕಾದರೆ ಫೋನು ಮಾಡುತ್ತೇನೆ.

ಸಾಮಿಲ್ ಹತ್ತಿರದವ
ಭಟ್ರೇ, ಇಂಟರ್‌ಲಾಕ್ ಹಾಕಿಸಿ ಅಂತ ಹೇಳಿದ ಭಟ್ರುಗಳೂ ಇದ್ದಾರೆ. ಕೆಸರು ಆಗುತ್ತದೆ, ಕೂರಲಿಕ್ಕೆ ಆಗುವುದಿಲ್ಲ ಅಂತ.

ಬನದ ಭಟ್ರು
ಇದ್ದಾರೆ. ಇಲ್ಲ ಅನ್ನುವುದಿಲ್ಲ. ಆದರೆ ಕೆಸರಿಗೆ ನಾಲ್ಕು ಮುರಕಲ್ಲು ಸಾಕು.

ಗಡಿನಾಡ ರೈ
ಮಾವಿನ ಮರ ಒಂದು ಇರಲಿ, ಯಾರಿಗಾದರೂ ಕೊನೆಗೆ ಬೇಕಾಗುತ್ತದೆ ಅಂತ ನಮ್ಮ ಹಿರಿಯರ ಲೆಕ್ಕ. ಅದನ್ನೂ ಮರೆಯಬೇಡಿ.

ಮಂಜೇಶ್ವರದ ಮಾಮಿ
ಹೊತ್ತಲ್ಲದ ಹೊತ್ತಿಗೆ ಎಂಥ ಮಾತು ರೈಗಳೇ!

ಪೆರ್ಲದ ತೋಟದವ
ಎಲ್ಲರಿಗೂ ಉತ್ತರ ಕೊಡಲಿಕ್ಕೆ ತಡವಾಯಿತು, ಅಡಿಕೆಗೆ ಔಷಧಿ ಬಿಡುವ ಗಡಿಬಿಡಿ. ಕೊಳೆರೋಗ ಯಾರನ್ನೂ ಕಾಯುವುದಿಲ್ಲ.

ಹಕ್ಕಿಯವರು ಹೇಳಿದ ಮೇಲೆ ಧೂಪದ ಅಡಿಗೆ ಹೋಗಿ ಅರ್ಧ ಗಂಟೆ ಕುತ್ತಿಗೆ ನೋಯುವ ತನಕ ನೋಡಿದೆ. ಮೂರು ತೂತು. ಎರಡು ಗೆಲ್ಲಿನ ಅಡಿಭಾಗದಲ್ಲಿ, ಕಂಪಾಸು ಹಿಡಿದು ಬರೆದ ಹಾಗೆ ದುಂಡಗೆ. ಇನ್ನೊಂದು ಸ್ವಲ್ಪ ದೊಡ್ಡದು, ಬಾಯಿ ಹರಿದಿದೆ. ಕತ್ತಲಾಗುವ ಹೊತ್ತಿಗೆ ಅದರಿಂದ ಒಂದು ತಲೆ ಹೊರಬಂತು. ಗೂಬೆ ಮರಿಯಾ, ದೊಡ್ಡದೇ ಆ ಸೈಜಾ ಗೊತ್ತಾಗಲಿಲ್ಲ. ನನ್ನನ್ನು ನೋಡಿ ತಲೆ ಮೇಲೆ ಕೆಳಗೆ ಮಾಡಿತು. ನಾನೂ ಮಾಡಿದೆ. ಇಷ್ಟು ವರ್ಷ ಅದರ ಅಡಿಯಲ್ಲೇ ನಡೆದು ತೋಟಕ್ಕೆ ಹೋಗಿದ್ದೇನೆ, ಒಂದು ದಿನ ಮೇಲೆ ನೋಡಿದ್ದಿಲ್ಲ.

ಅಣ್ಣನ ಹತ್ತಿರ ಮಾತಾಡಿದೆ. ಗೂಬೆ ಅಂದ ಕೂಡಲೇ "ಅಪಶಕುನ, ಮೊದಲು ಕಡಿಸು" ಅಂದ. ಅದನ್ನು ಹೇಳಬಾರದಿತ್ತು. ಭಟ್ರೇ, ನೀವು ಫೋನು ಮಾಡಿ, ಗೂಬೆ ವಿಷಯ ಮಾತ್ರ ಎತ್ತಬೇಡಿ.

ಕಷ್ಟ ಒಂದಿದೆ. ಧೂಪ ಬಾಗಿರುವುದು ತೋಟದ ದಾರಿಯ ಕಡೆಗೆ. ದಿನಾ ಆಳುಗಳು ಓಡಾಡುವ ಜಾಗ. ಮುಂದಿನ ಗಾಳಿಗೆ ಬಿದ್ದರೆ?

ಹಕ್ಕಿ ಹಿಂದೆ ಹೋದವ
ಅದು ಗೂಬೆಯೇ, ಹಾಲಕ್ಕಿ ಜಾತಿಯದ್ದು ಇರಬೇಕು. ತಲೆ ಆಡಿಸುವುದು ದೂರ ಅಳೆಯಲಿಕ್ಕೆ. ನೀವು ತಿರುಗಿ ಆಡಿಸಿದ್ದು ಯಾಕೆ ಅಂತ ಅದು ಯೋಚನೆ ಮಾಡುತ್ತಿರಬಹುದು.

ಪೂರ್ತಿ ಕಡಿಯಬೇಡಿ. ದಾರಿಯ ಕಡೆಗೆ ಚಾಚಿದ ಗೆಲ್ಲು, ತುದಿ ತೆಗೆಸಿ ಭಾರ ಕಡಿಮೆ ಮಾಡಿ ಇಪ್ಪತ್ತು ಅಡಿಯ ಕಂಬ ಬಿಡಿ. ತೂತುಗಳು ಅದರ ಕೆಳಗೇ ಇದ್ದರೆ ಒಳ್ಳೆಯದಾಯಿತು. ಮರಿ ಇಲ್ಲದ ಸಮಯ ನೋಡಿ ಮಾಡಿ, ಮಳೆ ಮುಗಿದ ಕೂಡಲೇ. ಇಲ್ಲವಾದರೆ ದಾರಿಯನ್ನೇ ನಾಲ್ಕು ಮಾರು ಆಚೆ ತಿರುಗಿಸಿ, ಅದೇ ಖರ್ಚು ಕಮ್ಮಿ. ಒಣ ಮರ ಹತ್ತುವವರಿಗೆ ಹಗ್ಗ ಬೇರೆ ಗಟ್ಟಿ ಮರಕ್ಕೆ ಕಟ್ಟಿಸಿ, ಇದಕ್ಕೇ ಕಟ್ಟಬೇಡಿ.

ಅಡಿಕೆ ಭಾವ
ಮಾವಿನ ದಿಮ್ಮಿ ತೋಟದಿಂದ ದೂರ ಇದ್ದರೆ ನನ್ನ ತಕರಾರು ಇಲ್ಲ. ಆದರೆ ಒಂದು ತೆಂಗಿನ ಬೊಡ್ಡೆ ಅದರ ಪಕ್ಕ ಕಂಡರೂ ನಾನೇ ಬಂದು ಸುಡುತ್ತೇನೆ.

ಪೆರ್ಲದ ತೋಟದವ
ಆಯಿತು ಭಾವ. ದಾರಿ ತಿರುಗಿಸುವುದೇ ಸುಲಭ ಅಂತ ಕಾಣುತ್ತದೆ. ಮಾವಿನ ದಿಮ್ಮಿ ಇಳಿಜಾರಿಗೆ ಅಡ್ಡ ಬಿದ್ದಿದೆ, ಅದು ಅಲ್ಲೇ ಇರಲಿ. ಅದರ ಮೇಲ್ಬದಿ ಈಗಲೇ ಒಂದು ಗೇಣು ಮಣ್ಣು ನಿಂತಿದೆ, ಮಾಷ್ಟ್ರು ಹೇಳಿದ ಹಾಗೆ. ನಮ್ಮ ನೀರಿನ ಸುರಂಗ ಅದರ ಸರಿಯಾಗಿ ಕೆಳಗೆ. ನೀರು ಒಂದಿಷ್ಟು ಜಾಸ್ತಿ ದಿನ ಬಂದರೆ ಅಣ್ಣನ ಬಾಯಿ ಮುಚ್ಚಿಸಬಹುದು. ಸಣ್ಣ ಗೆಲ್ಲುಗಳು ಬೇಲಿಯ ಹೊರಗೆ ಬಿದ್ದಿವೆ, ಅದು ಬನದ್ದಲ್ಲ ಅಂತ ಲೆಕ್ಕ ಹಾಕಬಹುದಾ ಭಟ್ರೇ?

ಬನದ ಭಟ್ರು
ಬೇಲಿಯ ಹೊರಗೆ ಬಿದ್ದದ್ದು ನಿಮ್ಮದು. ಅಣ್ಣನ ನಂಬರ್ ಕಳಿಸಿ.

ಸಾಮಿಲ್ ಹತ್ತಿರದವ
ತೋಟದವರೇ, ಹೊರಗಿನ ಆ ಗೆಲ್ಲುಗಳು ನನಗೆ ಕೊಡುತ್ತೀರಾ? ರಬ್ಬರಿನ ಹೊಗೆಮನೆಗೆ ಬೇಕಿತ್ತು. ಜೀಪು ನಾನೇ ತರುತ್ತೇನೆ.

ಅಡೂರಿನ ಅಕ್ಕ
ನಾನು ಕೇಳಬೇಕು ಅಂತಿದ್ದೆ, ಅಷ್ಟರಲ್ಲಿ ನೀವು ಜೀಪೇ ತಂದಿರಾ!